ಸಕ್ಕರೆಯ ಅಳತೆಯನ್ನು ಹಣ್ಣೇ ಹೇಳಬೇಕು

ಹಣ್ಣಿನಿಂದ ಮಾಡುವ ಯಾವ ತಿನಿಸಿನ ವಿಧಾನವನ್ನು ಓದಿದರೂ ನನ್ನ ಕಣ್ಣು ಮೊದಲು ಹೋಗುವುದು ಸಕ್ಕರೆಯ ಅಳತೆ ಬರೆದಿರುವ ಸಾಲಿಗೆ. ಇಡೀ ವಿಧಾನದಲ್ಲಿ ನಾನು ಅತ್ಯಂತ ಕಡಿಮೆ ನಂಬುವ ಸಾಲೂ ಅದೇ. ಹಿಟ್ಟು, ಬೆಣ್ಣೆ, ಹಾಲು ಇವೆಲ್ಲ ಇವತ್ತು ಹೇಗಿರುತ್ತವೆಯೋ ಮುಂದಿನ ತಿಂಗಳೂ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ, ಆದ್ದರಿಂದ ಅವುಗಳಿಗೆ ಅಳತೆ ಬರೆಯುವುದರಲ್ಲಿ ಅರ್ಥವಿದೆ. ಹಣ್ಣಿನ ಸ್ವಭಾವವೇ ಬೇರೆ. ಒಂದೇ ಕೊಂಬೆಯಿಂದ ಕಿತ್ತ ಎರಡು ಮಾವಿನಹಣ್ಣುಗಳ ಸಿಹಿ ಒಂದೇ ಆಗಿರುವುದಿಲ್ಲ. ಬಿಸಿಲಿಗೆ ಮುಖಮಾಡಿದ್ದ ಹಣ್ಣಿಗೂ ಎಲೆಯ ಮರೆಯಲ್ಲಿದ್ದ ಹಣ್ಣಿಗೂ, ಋತುವಿನ ಮೊದಲ ಫಸಲಿಗೂ ಕೊನೆಯ ಫಸಲಿಗೂ ನಾಲಿಗೆ ಗುರುತಿಸುವಷ್ಟು ಅಂತರವಿರುತ್ತದೆ. ಹೀಗಿರುವಾಗ ‘ಅರ್ಧ ಬಟ್ಟಲು ಸಕ್ಕರೆ’ ಎಂಬ ಮಾತು ಅದನ್ನು ಬರೆದವರ ಕೈಯಲ್ಲಿದ್ದ ಹಣ್ಣಿಗೆ ಸರಿಹೋಗಿರಬಹುದು, ನಮ್ಮ ಮುಂದಿರುವ ಹಣ್ಣಿಗೂ ಸರಿಹೋಗಬೇಕೆಂದೇನೂ ಇಲ್ಲ. ಈ ಬರಹದಲ್ಲಿ ಕೆಲವು ಸುಲಭವಾದ ತಿನಿಸುಗಳು ಬರುತ್ತವೆ, ಅವುಗಳ ಜೊತೆಗೆ ಅಳತೆಗಳೂ ಬರುತ್ತವೆ. ಆದರೆ ಅಳತೆಗಿಂತ ಅದರ ಹಿಂದಿನ ಕಾರಣಕ್ಕೆ ನಾನು ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಕಾರಣ ತಿಳಿದವರು ಅಳತೆಯನ್ನು ಧೈರ್ಯವಾಗಿ ತಿದ್ದಬಲ್ಲರು.

ಮೊದಲ ಕೆಲಸ ತಿಂದು ನೋಡುವುದು. ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ಸಿಹಿ ಎಷ್ಟಿದೆ, ಹುಳಿ ಎಷ್ಟಿದೆ, ರಸ ಎಷ್ಟಿದೆ, ಕಂಪು ಉಂಟೋ ಇಲ್ಲವೋ ಎಂದು ವಿಚಾರಿಸಿಕೊಂಡರೆ ಆ ಹಣ್ಣಿನಿಂದ ಏನು ಮಾಡಬಹುದೆಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಎಲ್ಲವೂ ಚೆನ್ನಾಗಿದ್ದರೆ ಏನೂ ಮಾಡದೆ ತಿನ್ನುವುದೇ ಸರಿ, ಅಂಥ ಹಣ್ಣನ್ನು ಬೇಯಿಸುವುದು ನನ್ನ ದೃಷ್ಟಿಯಲ್ಲಿ ದುಂದುಗಾರಿಕೆ. ಸಿಹಿಯಿದ್ದೂ ಸಪ್ಪೆಯೆನಿಸುವ ಹಣ್ಣು ಕೇಳುವುದು ನಿಂಬೆರಸವನ್ನು, ಸಕ್ಕರೆಯನ್ನಲ್ಲ. ಹುಳಿಯೂ ಕಂಪೂ ಮುಂದಾಗಿರುವ ಹಣ್ಣು ಜಾಮಿಗೆ ಹೇಳಿ ಮಾಡಿಸಿದಂಥದ್ದು. ಸಿಹಿಯೂ ಇಲ್ಲದೆ ಕಂಪೂ ಇಲ್ಲದೆ ಬರಿಯ ನೀರುನೀರಾಗಿರುವುದನ್ನು ಕಾದ ಬಾಣಲೆಯಲ್ಲಿ ಹುರಿದು ನೀರಾರಿಸಿದರೆ ಸ್ವಲ್ಪವಾದರೂ ರುಚಿ ಕೂಡಿಬರುತ್ತದೆ.

ತಿಂದು ನೋಡಿದ ಮೇಲೆ ‘ಇನ್ನೆರಡು ದಿನ ಇಟ್ಟರೆ ಸರಿಹೋದೀತು’ ಎಂದುಕೊಳ್ಳುವುದು ಸಹಜ. ಆದರೆ ಕಾಯುವುದರಿಂದ ಎಲ್ಲ ಹಣ್ಣುಗಳಿಗೂ ಪ್ರಯೋಜನವಿಲ್ಲ. ಮಾವು, ಬಾಳೆ, ಪಪ್ಪಾಯ, ಸಪೋಟ, ಸೀಬೆ, ಸೇಬು, ಪ್ಲಮ್ ಇವು ಗಿಡದಿಂದ ಕಿತ್ತ ಮೇಲೂ ಮಾಗುತ್ತವೆ. ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಶೇಕಡ 20ರಷ್ಟಿರುವ ಪಿಷ್ಟವು ಹಣ್ಣಾಗುವ ಹೊತ್ತಿಗೆ ಒಂದೆರಡು ಪಾಲಿಗೆ ಇಳಿದು, ಉಳಿದದ್ದೆಲ್ಲ ಸಕ್ಕರೆಯಾಗಿ ಮಾರ್ಪಡುತ್ತದೆ. ದ್ರಾಕ್ಷಿ, ಕಿತ್ತಳೆ, ಅನಾನಸ್, ದಾಳಿಂಬೆ, ಸ್ಟ್ರಾಬೆರಿ ಇವುಗಳಲ್ಲಿ ಹೀಗೆ ಒಡೆದು ಸಕ್ಕರೆಯಾಗಬಲ್ಲ ಪಿಷ್ಟದ ದಾಸ್ತಾನೇ ಇರುವುದಿಲ್ಲ. ಕಿತ್ತ ದಿನ ಎಷ್ಟು ಸಿಹಿಯಿತ್ತೋ ಅಷ್ಟೇ ಅವುಗಳ ಸಿಹಿ, ಇಟ್ಟಷ್ಟೂ ಮೆತ್ತಗಾಗುತ್ತವೆ ಅಥವಾ ಒಣಗುತ್ತವೆಯೇ ಹೊರತು ರುಚಿ ಏರುವುದಿಲ್ಲ. ಮಾಗಿಸುವ ಕೆಲಸ ನಡೆಸುವುದು ಎಥಿಲೀನ್ ಎಂಬ ಅನಿಲ. ಅದು ಸಸ್ಯಗಳ ಬೆಳವಣಿಗೆಯನ್ನು ಬದಲಿಸುತ್ತದೆಂದು ರಷ್ಯಾದ ದಿಮಿತ್ರಿ ನೆಲ್ಯುಬೊವ್ 1901ರಲ್ಲಿ ತೋರಿಸಿದರು. ಮಾಗುವ ಹಣ್ಣು ತಾನೇ ಆ ಅನಿಲವನ್ನು ಹೊರಬಿಡುತ್ತದೆಂಬುದು ರುಜುವಾತಾದದ್ದು 1934ರಲ್ಲಿ, ಇಂಗ್ಲೆಂಡಿನ ಗೇನ್ ಎಂಬ ವಿಜ್ಞಾನಿಯಿಂದ. ಬಲಿತ ಮಾವನ್ನೋ ಸಪೋಟವನ್ನೋ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿಟ್ಟರೆ ಬೇಗ ಹಣ್ಣಾಗುವುದು ಈ ಕಾರಣದಿಂದಲೇ. ಮಾಗುವ ಮೊದಲೇ ಫ್ರಿಜ್ಜಿಗೆ ಸೇರಿಸುವುದು ಮಾತ್ರ ಸಲ್ಲದು. ಉಷ್ಣವಲಯದ ಹಣ್ಣುಗಳು ಚಳಿಯನ್ನು ತಾಳಲಾರವು, ಬಾಳೆಯ ಸಿಪ್ಪೆಯಂತೂ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಪ್ಪಾಗತೊಡಗುತ್ತದೆ.

ಒಲೆ ಹಚ್ಚದೆ ಮಾಡಬಹುದಾದವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸಕ್ಕರೆಯಲ್ಲಿ ನೆನೆಸಿದ ಹಣ್ಣು. ಅರ್ಧ ಕಿಲೋ ಹೋಳುಗಳಿಗೆ 30ರಿಂದ 50 ಗ್ರಾಂ ಸಕ್ಕರೆ, ಒಂದು ಚಮಚ ನಿಂಬೆರಸ, ಒಂದು ಚಿಟಿಕೆ ಉಪ್ಪು ಹಾಕಿ ಮೆಲ್ಲಗೆ ಕಲಕಿ ಅರ್ಧ ಗಂಟೆ ಮುಚ್ಚಿಟ್ಟರೆ ಸಾಕು. ಹೋಳಿನ ಹೊರಗೆ ಸಕ್ಕರೆ ಹೆಚ್ಚಿರುವುದರಿಂದ ಜೀವಕೋಶಗಳ ಒಳಗಿನ ನೀರು ಹೊರಗೆ ಹರಿದುಬರುತ್ತದೆ, ಬರುವಾಗ ಬಣ್ಣವನ್ನೂ ಪರಿಮಳವನ್ನೂ ಜೊತೆಗೆ ತರುತ್ತದೆ. ಹೀಗೆ ತಳದಲ್ಲಿ ಕೂಡುವ ಪಾಕಕ್ಕೆ ಬೆಂಕಿಯ ಸೋಂಕೇ ಇಲ್ಲದಿರುವುದರಿಂದ ಹಸಿಹಣ್ಣಿನ ಕಂಪು ಅದರಲ್ಲಿ ಪೂರ್ತಿಯಾಗಿ ಉಳಿದಿರುತ್ತದೆ. ಸ್ಟ್ರಾಬೆರಿ, ಪ್ಲಮ್, ಕಿತ್ತಳೆಯ ಎಸಳು, ಗಟ್ಟಿಯಾದ ಮಾವಿನ ಹೋಳು ಇವು ಈ ವಿಧಾನಕ್ಕೆ ಚೆನ್ನಾಗಿ ಒಗ್ಗುತ್ತವೆ. ಬಾಳೆಗೆ ಇದು ಹೊಂದುವುದಿಲ್ಲ, ಏಕೆಂದರೆ ಬಿಟ್ಟುಕೊಡುವಷ್ಟು ಸಡಿಲ ರಸ ಅದರಲ್ಲಿಲ್ಲ. ಅರ್ಧ ಗಂಟೆ ಎಂದು ಹೇಳಿದ್ದನ್ನು ಮೂರು ಗಂಟೆಗೆ ಎಳೆದರೆ ಹೋಳು ರಸವನ್ನೆಲ್ಲ ಕಳೆದುಕೊಂಡು ಮುದುಡಿಹೋಗುತ್ತದೆ, ಪಾಕ ಮಾತ್ರ ಬೇಕಾಗಿದ್ದರೆ ಅದೂ ನಷ್ಟವೇನಲ್ಲ.

ಚಿಟಿಕೆ ಉಪ್ಪನ್ನು ಬಿಡಬೇಡಿರೆಂದು ನಾನು ಒತ್ತಿ ಹೇಳುತ್ತೇನೆ. ಉಪ್ಪು ಕಹಿಯನ್ನೂ ಒಗರನ್ನೂ ತಗ್ಗಿಸಿ, ಇರುವ ಸಿಹಿಯೇ ಹೆಚ್ಚೆನ್ನುವಂತೆ ಮಾಡುತ್ತದೆ, ಇದರಿಂದ ಸಕ್ಕರೆಯಲ್ಲಿ ಒಂದು ಪಾಲು ಉಳಿಯುತ್ತದೆ. ನಿಂಬೆರಸಕ್ಕೆ ಬೇರೆಯೇ ಕೆಲಸ. ಸೇಬು, ಬಾಳೆ, ಮರಸೇಬುಗಳನ್ನು ಕತ್ತರಿಸಿದೊಡನೆ ಒಡೆದ ಕೋಶಗಳಲ್ಲಿನ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಹೋಳನ್ನು ಕಂದಾಗಿಸುತ್ತದೆ. ನಿಂಬೆಯ ಆಮ್ಲ ಆ ಕಿಣ್ವವನ್ನು ನಿಧಾನಗೊಳಿಸಿದರೆ, ಅದರಲ್ಲಿರುವ ‘ಸಿ’ ಜೀವಸತ್ವ ಬಣ್ಣ ಕಟ್ಟುವ ಮೊದಲೇ ಕ್ರಿಯೆಯನ್ನು ಹಿಂದಿರುಗಿಸುತ್ತದೆ. ಆದುದರಿಂದ ಹಲವು ಹಣ್ಣುಗಳನ್ನು ಬೆರೆಸುವಾಗ ಹುಳಿಹಣ್ಣನ್ನು ಮೊದಲು ಪಾತ್ರೆಗೆ ಬಿಡಿಸಿಕೊಂಡು, ಕಂದಾಗುವಂಥದ್ದನ್ನು ನೇರವಾಗಿ ಆ ರಸದೊಳಕ್ಕೆ ಹೆಚ್ಚಿಹಾಕುವುದು ಜಾಣತನ. ಕಲ್ಲಂಗಡಿಯನ್ನು ಇಂಥ ಮಿಶ್ರಣಕ್ಕೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ, ಅದು ಹತ್ತು ನಿಮಿಷದಲ್ಲಿ ಉಳಿದವರ ರುಚಿಯನ್ನೆಲ್ಲ ನೀರಾಗಿಸುತ್ತದೆ. ಕಲ್ಲಂಗಡಿಗೆ ಉಪ್ಪು, ಕಾಳುಮೆಣಸಿನ ಪುಡಿ, ಹರಿದ ಪುದೀನ ಎಲೆ ಇವಿಷ್ಟು ಸಾಕು, ಅದು ಒಂಟಿಯಾಗಿದ್ದಾಗಲೇ ಚೆನ್ನ.

ಹಣ್ಣಿನ ರಸದ ಬಗ್ಗೆ ಹೆಚ್ಚು ಬರೆಯುವ ಉತ್ಸಾಹ ನನಗಿಲ್ಲ. ಸೋಸಿದ ಮೇಲೆ ನಾರು ಚರಟದೊಂದಿಗೆ ಹೋಗುತ್ತದೆ, ನಾಲ್ಕು ಕಿತ್ತಳೆಯ ಸಕ್ಕರೆ ಎರಡು ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ, ಇಡೀ ಹಣ್ಣಿನಲ್ಲಿರುವುದನ್ನು ಸೇರಿಸುವುದಿಲ್ಲ. ಕುಡಿಯಲೇಬೇಕೆನಿಸಿದರೆ ಸೋಸದೆ ತಿರುಳಿನೊಂದಿಗೆ ಕುಡಿಯುವುದು ಮೇಲು.

ಹಣ್ಣನ್ನು ಬೇಯಿಸುವ ವಿಷಯಕ್ಕೆ ಬಂದರೆ, ಸಕ್ಕರೆಯನ್ನು ಎಷ್ಟು ಹಾಕುತ್ತೇವೆ ಎಂಬುದರಷ್ಟೇ ಯಾವಾಗ ಹಾಕುತ್ತೇವೆ ಎಂಬುದೂ ಮುಖ್ಯವಾಗುತ್ತದೆ. ಇದನ್ನು ವಿಧಾನ ಬರೆಯುವವರು ವಿವರಿಸುವುದು ಅಪರೂಪ. ಹೋಳುಗಳನ್ನು ಬರಿಯ ನೀರಿನಲ್ಲಿ ಬೇಯಿಸಿದಾಗ ಕೋಶಗಳ ಗೋಡೆ ಸಡಿಲವಾಗಿ ಹಣ್ಣು ಕರಗಿ ಮುದ್ದೆಯಾಗುತ್ತದೆ, ಮೊದಲೇ ಸಕ್ಕರೆ ಪಾಕದಲ್ಲಿ ಬೇಯಿಸಿದಾಗ ಆ ಗೋಡೆ ಬಿಗಿಯಾಗಿ ನಿಂತು ಹೋಳು ತನ್ನ ಆಕಾರವನ್ನು ಕಾಯ್ದುಕೊಳ್ಳುತ್ತದೆ. ಸೇಬಿನ ನುಣ್ಣನೆಯ ಗೊಜ್ಜು ಬೇಕೆಂದರೆ ಸಿಪ್ಪೆ ತೆಗೆದ ನಾಲ್ಕು ಸೇಬಿನ ಹೋಳುಗಳನ್ನು ಕಾಲು ಬಟ್ಟಲು ನೀರಿನಲ್ಲಿ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ ಮಸೆದು, ರುಚಿ ನೋಡಿ, ಆಮೇಲೆ ಬೇಕೆನಿಸಿದರಷ್ಟೇ ಸಕ್ಕರೆ ಹಾಕಬೇಕು. ಅನೇಕ ಸಲ ಬೇಕೆನಿಸುವುದೇ ಇಲ್ಲ. ಅದೇ ಮರಸೇಬನ್ನೋ ಪ್ಲಮ್ಮನ್ನೋ ಅಂದವಾಗಿ ಬಟ್ಟಲಿನಲ್ಲಿ ಬಡಿಸಬೇಕಾಗಿದ್ದರೆ ಅರ್ಧ ಲೀಟರ್ ನೀರಿಗೆ 150 ಗ್ರಾಂ ಸಕ್ಕರೆ, ಒಂದು ತುಂಡು ಚಕ್ಕೆ, ಎರಡು ಏಲಕ್ಕಿ, ನಿಂಬೆಯ ಸಿಪ್ಪೆಯ ಒಂದು ಪಟ್ಟಿ ಹಾಕಿ ಪಾಕ ಕುದಿಸಿ, ಉರಿ ತಗ್ಗಿಸಿ, ಕುದಿಯದೆ ಬರಿಯ ನಡುಗುತ್ತಿರುವ ಆ ದ್ರವದಲ್ಲಿ ಹಣ್ಣನ್ನು ಚಾಕುವಿನ ಮೊನೆ ಸಲೀಸಾಗಿ ಇಳಿಯುವವರೆಗೆ ಬಿಟ್ಟು, ಪಾಕದಲ್ಲಿಯೇ ತಣಿಯಲು ಬಿಡಬೇಕು. ಹಣ್ಣು ಮುಗಿದ ಮೇಲೆ ಉಳಿಯುವ ಪಾಕವನ್ನು ಅರ್ಧಕ್ಕೆ ಬತ್ತಿಸಿಟ್ಟುಕೊಂಡರೆ ಇನ್ನೊಂದು ದಿನದ ಪಾನಕಕ್ಕಾಗುತ್ತದೆ.

ನೀರು ಹೆಚ್ಚಾಗಿ ರುಚಿ ಕಡಿಮೆಯಾದ ಅನಾನಸ್‌ಗೆ ಒಣ ಬಾಣಲೆಯೇ ಮದ್ದು. ಬೆರಳುಗಾತ್ರದ ಬಿಲ್ಲೆಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಚೆನ್ನಾಗಿ ಕಾದ ದಪ್ಪ ತಳದ ಬಾಣಲೆಯ ಮೇಲೆ ಕದಲಿಸದೆ ಮೂರ್ನಾಲ್ಕು ನಿಮಿಷ ಬಿಟ್ಟು ಮಗುಚಿದರೆ ಮೇಲ್ಮೈ ಹೊಂಬಣ್ಣಕ್ಕೆ ತಿರುಗಿರುತ್ತದೆ. ಹಣ್ಣಿನಲ್ಲಿ ಹೇರಳವಾಗಿರುವ ಫ್ರಕ್ಟೋಸ್ ಸುಮಾರು 110 ಡಿಗ್ರಿಯಲ್ಲೇ ಕಂದತೊಡಗುತ್ತದೆ, ನಾವು ಅಡುಗೆಗೆ ಬಳಸುವ ಸಕ್ಕರೆಗೆ ಸುಮಾರು 160 ಡಿಗ್ರಿ ಬೇಕು. ಹಣ್ಣು ಇಷ್ಟು ಬೇಗ ಕೆಂಪಗಾಗಲು ಇದೂ ಒಂದು ಕಾರಣ. ಬಾಳೆಯನ್ನು ಹೀಗೆ ಮಾಡುವಾಗ ಒಂದು ಚಮಚ ಬೆಣ್ಣೆ ಬೇಕು, ಜೊತೆಗೆ ಇನ್ನೂ ಗಟ್ಟಿಯಾಗಿರುವ ಹಣ್ಣನ್ನೇ ಆರಿಸಿಕೊಳ್ಳಬೇಕು.

ಇನ್ನು ಜಾಮ್. ಹಣ್ಣು, ಸಕ್ಕರೆ, ಹುಳಿ, ಬೆಂಕಿ ಇವು ನಾಲ್ಕರ ಸಂಬಂಧ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಅಡುಗೆಯಿಲ್ಲವೆಂದು ನಾನು ಭಾವಿಸಿದ್ದೇನೆ, ಆದ್ದರಿಂದ ಇದರ ಬಗ್ಗೆ ತುಸು ನಿಧಾನಿಸಿ ಬರೆಯುತ್ತೇನೆ. ಜಾಮ್ ಗಟ್ಟಿಯಾಗುವುದು ಸಕ್ಕರೆ ಪಾಕ ಮಂದವಾಗುವುದರಿಂದಷ್ಟೇ ಅಲ್ಲ, ಹಣ್ಣಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಪದಾರ್ಥದಿಂದ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ರಿ ಬ್ರಾಕೊನೊ 1825ರಲ್ಲಿ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಪೆಕ್ಟಿನ್ನಿನ ಅಣುಗಳು ಉದ್ದನೆಯ ಸರಪಳಿಗಳು. ಬೇಯುವಾಗ ಅವು ಹಣ್ಣಿನಿಂದ ಬಿಡಿಸಿಕೊಂಡು ರಸಕ್ಕೆ ಇಳಿಯುತ್ತವೆ, ಆದರೆ ಅವುಗಳ ಮೇಲಿರುವ ಋಣ ವಿದ್ಯುದಂಶದಿಂದಾಗಿ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಹುಳಿ ಆ ವಿದ್ಯುದಂಶವನ್ನು ಕುಂದಿಸುತ್ತದೆ, ಸಕ್ಕರೆ ಅವುಗಳ ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹೀಗೆ ದೂರವಿದ್ದ ಸರಪಳಿಗಳು ಹತ್ತಿರ ಬಂದು ಕೈಹಿಡಿದು, ರಸವನ್ನು ಮೀನಿನ ಬಲೆಯಂತೆ ತಮ್ಮೊಳಗೆ ಸಿಕ್ಕಿಸಿಕೊಳ್ಳುತ್ತವೆ. ಮೂರರಲ್ಲಿ ಒಂದು ಕಡಿಮೆಯಾದರೂ ಬಲೆ ಕಟ್ಟುವುದಿಲ್ಲ. ಒಟ್ಟು ಸಕ್ಕರೆ ಶೇಕಡ 65ರ ಆಸುಪಾಸಿನಲ್ಲಿ, ಹುಳಿಯ ಮಟ್ಟವನ್ನು ಹೇಳುವ ಪಿಎಚ್ ಅಂಕಿ (ಇದು ಕಡಿಮೆಯಾದಷ್ಟೂ ಹುಳಿ ಹೆಚ್ಚು) ಮೂರರ ಹತ್ತಿರ ಇದ್ದಾಗ ಅದು ಚೆನ್ನಾಗಿ ಕಟ್ಟುತ್ತದೆ.

ಸೀಬೆ, ಹುಳಿಸೇಬು, ಪ್ಲಮ್, ಕಿತ್ತಳೆ ಮತ್ತು ನಿಂಬೆಗಳ ಸಿಪ್ಪೆಯ ಒಳಗಿನ ಬಿಳಿಭಾಗ ಇವುಗಳಲ್ಲಿ ಪೆಕ್ಟಿನ್ ಧಾರಾಳವಾಗಿದೆ. ಸ್ಟ್ರಾಬೆರಿ, ಚೆರ್ರಿ, ಅನಾನಸ್‌ಗಳಲ್ಲಿ ಅದು ಕಡಿಮೆ. ಯಾವ ಹಣ್ಣಾದರೂ ಕಳಿತಂತೆಲ್ಲ ಅದರ ಪೆಕ್ಟಿನ್ ಒಡೆದು ದುರ್ಬಲವಾಗುತ್ತ ಹೋಗುತ್ತದೆ. ಹೀಗಾಗಿ ‘ಹಾಳಾಗುವ ಮೊದಲು ಜಾಮ್ ಮಾಡಿಬಿಡೋಣ’ ಎಂದು ಮೂಲೆಗೆ ಬಿದ್ದ ಹಣ್ಣನ್ನೆಲ್ಲ ಪಾತ್ರೆಗೆ ಸುರಿಯುವುದು ಸರಿಯಾದ ಲೆಕ್ಕವಲ್ಲ. ಮುಕ್ಕಾಲು ಪಾಲು ಮಾಗಿದ ಹಣ್ಣು ಪರಿಮಳಕ್ಕೂ ಕಾಲು ಪಾಲು ದೋರೆಗಾಯಿ ಗಟ್ಟಿತನಕ್ಕೂ ಎಂದು ಹಂಚಿಕೊಂಡರೆ ಪುಡಿ ಪೆಕ್ಟಿನ್ನಿನ ಪೊಟ್ಟಣ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಸ್ಟ್ರಾಬೆರಿಗೆ ಒಂದು ತುರಿದ ಹುಳಿಸೇಬನ್ನು ಸೇರಿಸುವುದೂ, ನಿಂಬೆಯ ಬೀಜಗಳನ್ನು ತೆಳುಬಟ್ಟೆಯಲ್ಲಿ ಗಂಟುಕಟ್ಟಿ ಕುದಿಯುವ ಹಣ್ಣಿನಲ್ಲಿ ಇಳಿಬಿಡುವುದೂ ಇದೇ ಕೆಲಸ ಮಾಡುತ್ತವೆ.

ಒಂದು ಕಿಲೋ ಸಿದ್ಧಪಡಿಸಿದ ಹಣ್ಣಿಗೆ 600ರಿಂದ 750 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ನಿಂಬೆರಸ ಎಂದು ಇಟ್ಟುಕೊಳ್ಳೋಣ. ಸಿಹಿಹಣ್ಣಿಗೆ ಕೆಳಗಿನ ಅಂಕಿ, ಹುಳಿಹಣ್ಣಿಗೆ ಮೇಲಿನದು. ಸಕ್ಕರೆ ಬೆರೆಸಿ ಕೆಲವು ಗಂಟೆ ನೆನೆಯಲು ಬಿಟ್ಟರೆ ರಸ ತಾನಾಗಿ ಕೂಡುತ್ತದೆ, ನೀರು ಹಾಕುವ ಪ್ರಮೇಯವೇ ಬರುವುದಿಲ್ಲ. ಸಿಪ್ಪೆ ಗಟ್ಟಿಯಿರುವ ಹಣ್ಣಾದರೆ ಮೊದಲು ಅದನ್ನು ಮೆತ್ತಗೆ ಬೇಯಿಸಿಕೊಂಡು ಆಮೇಲೆ ಸಕ್ಕರೆ ಹಾಕಬೇಕು, ಇಲ್ಲದಿದ್ದರೆ ಮೇಲೆ ಹೇಳಿದಂತೆ ಸಕ್ಕರೆ ಆ ಸಿಪ್ಪೆಯನ್ನು ಬಿಗಿಮಾಡಿ ಚಕ್ಕಳವಾಗಿಸುತ್ತದೆ. ಪಾತ್ರೆ ಎತ್ತರವಾಗಿರುವುದಕ್ಕಿಂತ ಅಗಲವಾಗಿರಬೇಕು, ಉರಿ ಜೋರಾಗಿರಬೇಕು. ಬೇಗ ನೀರಾರಿದಷ್ಟೂ ಬಣ್ಣ ಮತ್ತು ಕಂಪು ಉಳಿಯುತ್ತವೆ, ಗಂಟೆಗಟ್ಟಲೆ ಕಾಯಿಸಿದರೆ ಪೆಕ್ಟಿನ್ನೇ ಮುರಿದು ಪಾಕ ಅಂಟಂಟಾಗುತ್ತದೆ. ಒಂದೇ ಸಲಕ್ಕೆ ಐದು ಕಿಲೋ ಮಾಡಹೊರಡದಿರಲು ಇದೇ ಕಾರಣ. ಕುದಿಯುತ್ತಿರುವ ಜಾಮಿನ ಉಷ್ಣತೆ ನೀರಿನ ಕುದಿಬಿಂದುವಿಗಿಂತ ನಾಲ್ಕೈದು ಡಿಗ್ರಿ ಮೇಲೇರಿದಾಗ, ಎಂದರೆ ಸಮುದ್ರಮಟ್ಟದಲ್ಲಿ 104ರಿಂದ 105 ಡಿಗ್ರಿಗೆ, ಬೇಕಾದ ಸಾಂದ್ರತೆ ಬಂದಿರುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುವುದರಿಂದ ಎತ್ತರದ ಊರುಗಳವರು ಆ ಅಂಕಿಯನ್ನು ಅಷ್ಟಷ್ಟು ತಗ್ಗಿಸಿಕೊಳ್ಳಬೇಕು, ಇಲ್ಲದಿದ್ದರೆ ಜಾಮ್ ಕಲ್ಲಾಗುತ್ತದೆ.

ಉಷ್ಣಮಾಪಕ ಇಲ್ಲದವರಿಗೂ ದಾರಿಯಿದೆ, ನನಗೆ ಅದರ ಮೇಲೆಯೇ ಹೆಚ್ಚು ನಂಬಿಕೆ. ಫ್ರೀಜರಿನಲ್ಲಿ ಇರಿಸಿದ್ದ ತಟ್ಟೆಯ ಮೇಲೆ ಒಂದು ಹನಿ ಜಾಮ್ ಬಿಟ್ಟು, ಒಂದು ನಿಮಿಷದ ನಂತರ ಬೆರಳಿನಿಂದ ತಳ್ಳಿದಾಗ ಅದರ ಮೈ ಸುಕ್ಕುಗಟ್ಟಿದರೆ ಇಳಿಸಬಹುದು. ಪರೀಕ್ಷೆ ಮಾಡುವಾಗ ಒಲೆಯನ್ನು ಆರಿಸಿರಬೇಕು, ಆ ಒಂದು ನಿಮಿಷದಲ್ಲಿ ಹದ ಮೀರಿಹೋಗಬಹುದು. ಬಿಸಿಯಿರುವಾಗ ತೆಳ್ಳಗೆ ಕಂಡರೆ ಗಾಬರಿ ಬೇಡ, ಬಲೆ ಪೂರ್ತಿ ಕಟ್ಟಿಕೊಳ್ಳಲು ಕೆಲವೊಮ್ಮೆ ಒಂದು ಇಡೀ ದಿನ ಹಿಡಿಯುತ್ತದೆ.

ಸಕ್ಕರೆ ಅಷ್ಟು ಬೇಡ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಅದರ ಬೆಲೆಯನ್ನೂ ತಿಳಿದಿರಬೇಕು. ಜಾಮ್ ಕೆಡದಿರುವುದು ಅದರ ನೀರನ್ನೆಲ್ಲ ಸಕ್ಕರೆ ಹಿಡಿದಿಟ್ಟುಕೊಂಡು ಸೂಕ್ಷ್ಮಜೀವಿಗಳಿಗೆ ಏನೂ ಸಿಗದಂತೆ ಮಾಡುವುದರಿಂದ. ಕಿಲೋ ಹಣ್ಣಿಗೆ 250 ಗ್ರಾಂ ಸಕ್ಕರೆ ಹಾಕಿ ಮಾಡಿದ್ದು ಬಾಯಿಗೆ ಸೊಗಸಾಗಿರುತ್ತದೆ, ಹಣ್ಣಿನ ರುಚಿಯೂ ಅದರಲ್ಲಿ ನಿಚ್ಚಳವಾಗಿರುತ್ತದೆ, ಆದರೆ ಅದನ್ನು ಸಣ್ಣ ಸೀಸೆಗಳಲ್ಲಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರಗಳಲ್ಲಿ ಮುಗಿಸಬೇಕು. ಬಾಳೆ, ಪಪ್ಪಾಯ, ಕರಬೂಜ, ಅಂಜೂರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇವುಗಳಲ್ಲಿ ಹುಳಿ ತೀರ ಕಡಿಮೆ. ಪಿಎಚ್ 4.6ಕ್ಕಿಂತ ಹೆಚ್ಚಿರುವ, ಗಾಳಿಯಾಡದಂತೆ ಮುಚ್ಚಿದ ಆಹಾರದಲ್ಲಿ ಬಾಟುಲಿಸಮ್ ಎಂಬ ಮಾರಕ ವಿಷಬಾಧೆಯನ್ನು ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ಬೀಜಕಣಗಳು ಬರಿಯ ಕುದಿತಕ್ಕೆ ಸಾಯುವುದಿಲ್ಲ. ಇಂಥ ಹಣ್ಣುಗಳಿಗೆ ನಿಂಬೆರಸವನ್ನು ಧಾರಾಳವಾಗಿ ಹಾಕಿದರೂ ಸೀಸೆಯನ್ನು ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವ ಸಾಹಸ ಬೇಡ, ಫ್ರಿಜ್ಜೇ ಅವುಗಳ ಜಾಗ.

ಹಾಲಿನೊಂದಿಗೆ ಹಣ್ಣನ್ನು ಕೂಡಿಸುವಾಗ ಎರಡು ಬಗೆಯ ತೊಂದರೆಗಳು ಬರುತ್ತವೆ, ಜನ ಅವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಒಡೆಯುವುದು. ಹಾಲಿನ ಕೇಸೀನ್ ಎಂಬ ಪ್ರೋಟೀನ್ ಪಿಎಚ್ 4.6ರ ಹತ್ತಿರ ಗಂಟುಕಟ್ಟುತ್ತದೆ, ಕಿತ್ತಳೆ ಅಥವಾ ಸ್ಟ್ರಾಬೆರಿಯ ರಸ ಹಾಲನ್ನು ಆ ಮಟ್ಟಕ್ಕೆ ಎಳೆಯುತ್ತದೆ. ಹಾಲು ಬಿಸಿಯಿದ್ದಷ್ಟೂ ಇದು ಬೇಗ ಆಗುವುದರಿಂದ ಎರಡನ್ನೂ ಚೆನ್ನಾಗಿ ತಣಿಸಿ ಬಡಿಸುವ ಹೊತ್ತಿಗೆ ಬೆರೆಸಿದರೆ ಸಾಮಾನ್ಯವಾಗಿ ಪಾರಾಗಬಹುದು. ಅದಕ್ಕಿಂತ ಸುಲಭವೆಂದರೆ ಹಾಲನ್ನು ಬಿಟ್ಟು ಮೊಸರನ್ನು ಹಿಡಿಯುವುದು, ಮೊಸರು ಮೊದಲೇ ಹುಳಿಯಾಗಿ ಗಟ್ಟಿಯಾದದ್ದು, ಅದರಲ್ಲಿ ಒಡೆಯಲು ಇನ್ನೇನೂ ಉಳಿದಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರಿಗೆ ಸಕ್ಕರೆಯಲ್ಲಿ ನೆನೆದ ಹಣ್ಣನ್ನೂ ಅದರ ಪಾಕವನ್ನೂ ಸುರಿದು ಕಲಸದೆ ಹಾಗೆಯೇ ತಿನ್ನುವುದು ನಾನು ಬಲ್ಲ ಅತ್ಯಂತ ಕಡಿಮೆ ಶ್ರಮದ ಸಿಹಿ.

ಎರಡನೆಯ ತೊಂದರೆ ಕಹಿ. ಹಸಿ ಅನಾನಸ್, ಕಿವಿಹಣ್ಣು, ಅಂಜೂರ ಮತ್ತು ಪೂರ್ತಿ ಮಾಗದ ಪಪ್ಪಾಯದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಅವು ಹಾಲಿನ ಅಥವಾ ಮೊಸರಿನ ಪ್ರೋಟೀನನ್ನು ತುಂಡುಮಾಡಿದಾಗ ಹುಟ್ಟುವ ಸಣ್ಣ ಚೂರುಗಳು ನಾಲಿಗೆಗೆ ಕಹಿಯಾಗುತ್ತವೆ. ಇದಕ್ಕೆ ಸಕ್ಕರೆ ಪರಿಹಾರವಲ್ಲ, ಮೊಸರೂ ಅಲ್ಲ. ಅನಾನಸ್ ಹೋಳುಗಳನ್ನು ಐದು ನಿಮಿಷ ಕುದಿಸಿ ತಣಿಸಿಕೊಂಡರೆ ಕಿಣ್ವ ನಿಷ್ಕ್ರಿಯವಾಗುತ್ತದೆ, ಆಮೇಲೆ ಹಾಲು, ಕೆನೆ, ಮೊಸರು ಯಾವುದಕ್ಕಾದರೂ ಬೆರೆಸಬಹುದು. ಜೆಲಟಿನ್ ಹಾಕಿ ಮಾಡಿದ ಅನಾನಸ್ ಜೆಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೂ ನೀರಾಗಿಯೇ ಉಳಿಯುವುದು ಸಹ ಈ ಕಿಣ್ವದ ಕೆಲಸ, ಏಕೆಂದರೆ ಜೆಲಟಿನ್ ಪ್ರೋಟೀನೇ ತಾನೆ. ಕಡಲ ಪಾಚಿಯಿಂದ ಬರುವ ಅಗರ್ ಪ್ರೋಟೀನಲ್ಲವಾದ್ದರಿಂದ ಅದಕ್ಕೆ ಈ ಬಾಧೆಯಿಲ್ಲ. ಎರಡು ಸಣ್ಣ ಚಮಚ ಅಗರ್ ಪುಡಿಯನ್ನು 200 ಮಿಲಿಲೀಟರ್ ನೀರಿನಲ್ಲಿ ಎರಡು ನಿಮಿಷ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಕೋಣೆಯ ಉಷ್ಣತೆಯಲ್ಲಿರುವ 300 ಮಿಲಿಲೀಟರ್ ಹಣ್ಣಿನ ರಸವನ್ನು ಕಲಕುತ್ತ ಸೇರಿಸಿದರೆ ರಸ ಕುದಿಯದೆಯೇ ಜೆಲ್ಲಿ ಕಟ್ಟುತ್ತದೆ. ರಸ ಫ್ರಿಜ್ಜಿನಿಂದ ತೆಗೆದದ್ದಾಗಿದ್ದರೆ ಅಗರ್ ಅಲ್ಲಲ್ಲೇ ಗಂಟಾಗುತ್ತದೆ, ಹುಳಿರಸವನ್ನು ಅಗರ್ ಜೊತೆಗೇ ಕುದಿಸಿದರೆ ಅದರ ಶಕ್ತಿ ಕುಂದುತ್ತದೆ.

ಒಡೆಯುವ ಗುಣವನ್ನೇ ಬಳಸಿಕೊಳ್ಳುವ ಒಂದು ತಿನಿಸೂ ಇದೆ. ಅರ್ಧ ಲೀಟರ್ ಗಟ್ಟಿ ಕೆನೆಯನ್ನು 125 ಗ್ರಾಂ ಸಕ್ಕರೆಯೊಂದಿಗೆ ಮೂರು ನಿಮಿಷ ಕುದಿಸಿ, ಇಳಿಸಿ, 70 ಮಿಲಿಲೀಟರ್ ನಿಂಬೆರಸ ಬೆರೆಸಿ, ಸಣ್ಣ ಬಟ್ಟಲುಗಳಿಗೆ ಹಾಕಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಚಮಚ ನಿಲ್ಲುವಂತೆ ನುಣ್ಣಗೆ ಹೆಪ್ಪುಗಟ್ಟಿರುತ್ತದೆ. ಕೆನೆಯಲ್ಲಿ ಕೊಬ್ಬು ಹೆಚ್ಚು, ಪ್ರೋಟೀನ್ ಕಡಿಮೆ, ಹಾಗಾಗಿ ಹುಳಿ ಬಿದ್ದಾಗ ಗಂಟುಗಂಟಾಗುವ ಬದಲು ಒಟ್ಟಾಗಿ ಮಂದವಾಗುತ್ತದೆ. ತೆಳುಕೆನೆ ಇದಕ್ಕೆ ಆಗದು. ಮೇಲೆ ಹುಳಿಮಿಶ್ರಿತ ಯಾವುದೇ ಹಣ್ಣಿನ ನಾಲ್ಕು ಹೋಳು ಇಟ್ಟರೆ ಸಾಕು.

ಬೇಸಗೆಯಲ್ಲಿ ಹೆಚ್ಚು ಬೇಡಿಕೆಯಿರುವ ಹಿಮದ ತಿನಿಸುಗಳಲ್ಲಿ ಸಕ್ಕರೆ ಸಿಹಿಗಷ್ಟೇ ಇರುವುದಲ್ಲ. ಅದು ಹೆಪ್ಪುಗಟ್ಟುವ ಬಿಂದುವನ್ನು ಇಳಿಸಿ, ಮಂಜುಗಡ್ಡೆಯ ಹರಳುಗಳ ನಡುವೆ ಒಂದಿಷ್ಟು ದ್ರವ ಉಳಿಯುವಂತೆ ಮಾಡುತ್ತದೆ. ಅರ್ಧ ಲೀಟರ್ ಹಣ್ಣಿನ ತಿಳಿಗೊಜ್ಜಿಗೆ 80ರಿಂದ 100 ಗ್ರಾಂ ಸಕ್ಕರೆ, ನಿಂಬೆರಸ, ಚಿಟಿಕೆ ಉಪ್ಪು ಬೆರೆಸಿ ಅಗಲವಾದ ತಟ್ಟೆಯಲ್ಲಿ ಫ್ರೀಜರಿಗೆ ಇಟ್ಟು, ಅರ್ಧ ಗಂಟೆಗೊಮ್ಮೆ ಮುಳ್ಳುಚಮಚದಿಂದ ಕೆರೆಯುತ್ತ ಹೋದರೆ ಮೂರ್ನಾಲ್ಕು ಗಂಟೆಯಲ್ಲಿ ಹರಳುಹರಳಾದ ಹಿಮ ಸಿದ್ಧವಾಗುತ್ತದೆ. ತಣ್ಣಗಿರುವಾಗ ನಾಲಿಗೆ ಸಿಹಿಯನ್ನು ಕಡಿಮೆ ಗುರುತಿಸುವುದರಿಂದ ಫ್ರೀಜರಿಗೆ ಇಡುವ ಮುನ್ನ ಮಿಶ್ರಣ ಒಂದು ಗುಟುಕು ಹೆಚ್ಚೇ ಸಿಹಿಯೆನಿಸಬೇಕು. ಸಕ್ಕರೆಯನ್ನು ತೀರ ಕಡಿಮೆ ಮಾಡಿದರೆ ಸಿಗುವುದು ಇಟ್ಟಿಗೆ, ಅತಿಯಾದರೆ ಕೊನೆಗೂ ಗಟ್ಟಿಯಾಗದ ಶರಬತ್ತು. ಬಾಳೆಯೊಂದಕ್ಕೆ ಈ ಯಾವ ಲೆಕ್ಕವೂ ಬೇಡ. ಕಳಿತ ಬಾಳೆಯ ಬಿಲ್ಲೆಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಮಿಕ್ಸಿಯಲ್ಲಿ ತಡೆದು ತಡೆದು ರುಬ್ಬಿದರೆ, ಮೊದಲು ರವೆಯಂತೆ ಉದುರುದುರಾಗಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನುಣ್ಣನೆಯ ಐಸ್ ಕ್ರೀಮ್ ಆಗುತ್ತದೆ.

ಕಿತ್ತಳೆ ನಿಂಬೆಗಳ ಸಿಪ್ಪೆಯನ್ನು ಎಸೆಯುವ ಮುನ್ನ ಹೊರಮೈಯ ಬಣ್ಣದ ಪದರವನ್ನಷ್ಟೇ ತುರಿದು ಸಕ್ಕರೆಯೊಂದಿಗೆ ಬೆರಳುಗಳಲ್ಲಿ ಹೊಸಕಿ ಇಟ್ಟುಕೊಳ್ಳಬಹುದು. ಪರಿಮಳದ ಎಣ್ಣೆಯಿರುವುದು ಆ ಪದರದ ಚೀಲಗಳಲ್ಲಿ, ಸಕ್ಕರೆಯ ಹರಳು ಅವನ್ನು ಒಡೆದು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಸಿಪ್ಪೆಯನ್ನು ಬಳಸುವವರು ಹಣ್ಣನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯುವುದು ಅಗತ್ಯ.

ಕಳಿತ ಹಣ್ಣಿಗೂ ಕೊಳೆತ ಹಣ್ಣಿಗೂ ಇರುವ ಗೆರೆಯನ್ನು ಗಟ್ಟಿಯಾಗಿ ಎಳೆದುಕೊಳ್ಳಬೇಕು. ಸಿಪ್ಪೆ ಕಪ್ಪಾಗಿ ತಿರುಳು ಮೆತ್ತಗಾದದ್ದು ಅಡುಗೆಗೆ ಬರುತ್ತದೆ. ಬೂಸ್ಟು ಹಿಡಿದ ಮೆದುಹಣ್ಣಿನಲ್ಲಿ ಕಂಡ ಭಾಗವನ್ನು ಕತ್ತರಿಸಿ ಎಸೆದರೂ ಕಾಣದ ಎಳೆಗಳು ಒಳಗೆ ಹಬ್ಬಿರುತ್ತವೆ. ಸೇಬಿನ ಕೊಳೆತ ಭಾಗದಲ್ಲಿ ಹುಟ್ಟುವ ಪ್ಯಾಟುಲಿನ್ ಎಂಬ ವಿಷವಂತೂ ಹುಳಿಯಲ್ಲಿ ಬೇಯಿಸಿದರೂ ಸುಲಭವಾಗಿ ನಾಶವಾಗುವುದಿಲ್ಲ. ಬೇಯಿಸಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

ಬುಟ್ಟಿಯಲ್ಲಿ ಉಳಿದ, ಇವತ್ತೇ ಮುಗಿಸಲಾಗದ ಒಳ್ಳೆಯ ಹಣ್ಣನ್ನು ತೊಳೆದು, ಒಣಗಿಸಿ, ಹೋಳುಮಾಡಿ, ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿ ಗಟ್ಟಿಮಾಡಿ, ಆಮೇಲೆ ಡಬ್ಬಿಗೆ ತುಂಬಿ ದಿನಾಂಕ ಬರೆದಿಟ್ಟರೆ ಬೇಕಾದಷ್ಟನ್ನೇ ತೆಗೆದುಕೊಳ್ಳಬಹುದು. ಬಾಳೆಯ ಸಿಪ್ಪೆಯನ್ನು ಮೊದಲೇ ಸುಲಿದಿರಬೇಕು, ಹೆಪ್ಪುಗಟ್ಟಿದ ಮೇಲೆ ಅದು ಬಿಡುವುದಿಲ್ಲ. ಮಂಜಿನ ಹರಳುಗಳು ಕೋಶಗಳನ್ನು ಸೀಳುವುದರಿಂದ ಕರಗಿದ ಹೋಳು ಜೋಲುಬೀಳುತ್ತದೆ, ಹಾಗೆಯೇ ತಿನ್ನಲು ಅದು ಚೆನ್ನಾಗಿರುವುದಿಲ್ಲ. ಗೊಜ್ಜು ಅಥವಾ ಜಾಮ್ ಮಾಡುವುದಾದರೆ ಆ ಸೀಳು ನಮಗೇ ಅನುಕೂಲ: ಕರಗಿಸಲು ಕಾಯದೆ ಫ್ರೀಜರಿನಿಂದ ನೇರವಾಗಿ ಸಕ್ಕರೆಯೊಂದಿಗೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟರೆ ಹತ್ತು ನಿಮಿಷದೊಳಗೆ ರಸ ಬಿಟ್ಟುಕೊಳ್ಳುತ್ತದೆ.